ಸಂಪಾದಕರ ಉತ್ತರ: ತಮ್ಮನೂ ಬೆಟ್ಟ ಹತ್ತಲಿ

ಈ ಸಲ ಬಂದ ಪತ್ರಗಳಲ್ಲಿ ಒಂದನ್ನು ಪಕ್ಕಕ್ಕೆ ಎತ್ತಿಟ್ಟುಕೊಂಡು ಎರಡು ಮೂರು ಬಾರಿ ಓದಿದೆ. ಬರೆದವರು ಒಬ್ಬ ಅಕ್ಕ. ತಮ್ಮನಿಗೆ 23 ವರ್ಷ. ಮೂರು ವರ್ಷದ ಹಿಂದೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಎದೆಯಿಂದ ಕೆಳಗೆ ಸ್ವಾಧೀನವಿಲ್ಲ, ಗಾಲಿಕುರ್ಚಿಯಲ್ಲಿ ಓಡಾಡುತ್ತಾನೆ. ಬಂಧುಗಳೆಲ್ಲ ಸೇರಿ ಎರಡು ದಿನ ಬೆಟ್ಟಕ್ಕೆ ಹೊರಟಿದ್ದಾರೆ. ಚಾರಣ, ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವುದು, ಕೆರೆಯಲ್ಲಿ ಕಯಾಕ್ ಎಂಬ ಕಿರುದೋಣಿ, ಜೊತೆಗೆ ಮಾರ್ಗದರ್ಶಕರು. ‘ಎಲ್ಲ ಸಾಮರ್ಥ್ಯದವರಿಗೂ’ ಎಂದು ಪ್ರಕಟಣೆಯಲ್ಲಿತ್ತಂತೆ. ಫೋನ್ ಮಾಡಿದಾಗ ಸಿಕ್ಕ ಉತ್ತರ ಮಾತ್ರ, ‘ಅವರು ಗಾಡಿಯಲ್ಲೇ ಕೂತು ನೋಟ ಸವಿಯಬಹುದು’. ಮಂಡಿನೋವಿನ ಅಮ್ಮ, ‘ನಾನೂ ಅವನ ಜೊತೆ ಕೆಳಗೇ ಇರುತ್ತೇನೆ, ನೀವು ಹೋಗಿ ಬನ್ನಿ’ ಎಂದಿದ್ದಾರೆ. ಅಕ್ಕ ಕೇಳುತ್ತಿರುವುದು ಇಷ್ಟು: ಇಂಥವನನ್ನು ಹತ್ತಿಸುವುದು ಸಾಧ್ಯವೇ? ಅಪಾಯ ಎಷ್ಟು? ಒಬ್ಬನಿಗಾಗಿ ಹನ್ನೆರಡು ಜನ ನಿಧಾನವಾಗುವುದು ನ್ಯಾಯವೇ?

ಆತ್ಮೀಯರೇ, ಮೊದಲ ಪ್ರಶ್ನೆ ಬಗೆಹರಿದು ಬಹಳ ಕಾಲವಾಯಿತು. ಮಾರ್ಕ್ ವೆಲ್‌ಮನ್ ಎಂಬ ಅಮೆರಿಕದ ಪರ್ವತಾರೋಹಿ 1982ರಲ್ಲಿ ಬೆಟ್ಟದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. 1989ರಲ್ಲಿ ಅವರೇ ಅಲ್ಲಿನ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಎಲ್ ಕ್ಯಾಪಿಟನ್ ಬಂಡೆಯ ನೆತ್ತಿ ಮುಟ್ಟಿದರು. ಸುಮಾರು 900 ಮೀಟರ್ ಎತ್ತರದ ನೆಟ್ಟನೆಯ ಗೋಡೆ ಅದು. ಜೊತೆಗಾರ ಮೈಕ್ ಕಾರ್ಬೆಟ್ ಮುಂದೆ ಹೋಗಿ ಹಗ್ಗ ಕಟ್ಟುತ್ತಿದ್ದರು, ವೆಲ್‌ಮನ್ ಆ ಹಗ್ಗಕ್ಕೆ ಕಚ್ಚಿಕೊಳ್ಳುವ ಹಿಡಿಕೆಯನ್ನು ಮೇಲಕ್ಕೆ ಸರಿಸಿ ತೋಳಿನ ಬಲದಿಂದ ಗೇಣು ಗೇಣಾಗಿ ಏರುತ್ತಿದ್ದರು. ನಿಮ್ಮ ತಮ್ಮ ಅಷ್ಟೆಲ್ಲ ಮಾಡಬೇಕಿಲ್ಲ. ರಾಟೆಗಳನ್ನು ಮೂರಕ್ಕೊಂದರ ಲೆಕ್ಕದಲ್ಲಿ ಜೋಡಿಸಿದರೆ, 60 ಕೆ.ಜಿ. ತೂಕದವನು ತನ್ನನ್ನು ತಾನೇ ಮೇಲೆಳೆದುಕೊಳ್ಳಲು ಬೇಕಾಗುವುದು 20 ಕೆ.ಜಿ. ಎತ್ತುವಷ್ಟು ಬಲ, ಹಗ್ಗದ ಉಜ್ಜಾಟ ಸೇರಿ ಇನ್ನು ಸ್ವಲ್ಪ ಹೆಚ್ಚು. ಅದಕ್ಕೆ ಪ್ರತಿಯಾಗಿ ಒಂದು ಮೀಟರ್ ಏರಲು ಮೂರು ಮೀಟರ್ ಹಗ್ಗ ಎಳೆಯಬೇಕು, ಹೊತ್ತು ಹಿಡಿಯುತ್ತದೆ. ತೋಳು ಸೋತಾಗ ಕೆಳಗೆ ಜಾರದಂತೆ ಹಿಡಿದುಕೊಳ್ಳುವ ರಾಟೆಗಳಿವೆ. ಅವನು ಅಲ್ಲೇ ಸ್ವಲ್ಪ ಹೊತ್ತು ನೇತಾಡುತ್ತ ದಣಿವಾರಿಸಿಕೊಳ್ಳಬಹುದು.

ಚಾರಣಕ್ಕೂ ದಾರಿಯಿದೆ. ಫ್ರಾನ್ಸಿನ ಪರ್ವತ ಮಾರ್ಗದರ್ಶಕ ಜೋಯೆಲ್ ಕ್ಲೋಡೆಲ್, ಸ್ನಾಯುಕ್ಷಯ ರೋಗವಿದ್ದ ತಮ್ಮ ಸೋದರಳಿಯನನ್ನು ಬೆಟ್ಟಕ್ಕೆ ಕರೆದೊಯ್ಯಲೆಂದೇ 1987ರಲ್ಲಿ ‘ಜೋಲೆಟ್’ ಎಂಬ ಕುರ್ಚಿ ಮಾಡಿದರು. ನಾಲ್ಕು ಗಾಲಿಯ ಕುರ್ಚಿ ಹೋಗದ ಕಾಲುದಾರಿಯಲ್ಲಿ ಇದು ಹೋಗುತ್ತದೆ, ಏಕೆಂದರೆ ಇದಕ್ಕಿರುವುದು ನಡುವೆ ಒಂದೇ ಗಾಲಿ. ಮುಂದಿನವರು ಎಳೆಯುತ್ತಾರೆ, ಹಿಂದಿನವರು ತೂಕ ಸರಿದೂಗಿಸುತ್ತಾರೆ, ಏರು ಕಡಿದಾದರೆ ಇನ್ನಿಬ್ಬರು ಹಗ್ಗ ಹಿಡಿದು ಸೇರಿಕೊಳ್ಳುತ್ತಾರೆ. ಒಬ್ಬ ಮಾವನ ಅಕ್ಕರೆಯಿಂದ ಹುಟ್ಟಿದ ವಸ್ತು ಎಂಬ ಕಾರಣಕ್ಕೆ ನನಗೆ ಅದರ ಮೇಲೆ ವಿಶೇಷ ಪ್ರೀತಿ.

ಹಾಗಾಗಿ ‘ಎಲ್ಲ ಸಾಮರ್ಥ್ಯದವರಿಗೂ’ ಎಂದು ಅಚ್ಚು ಹಾಕಿಸಿದವರು ಕೊಟ್ಟಿರುವ ಮಾತು ತಮ್ಮ ಸಾಮರ್ಥ್ಯದ ಕುರಿತಾದದ್ದು. ಬೇಕಾದ ಹಗ್ಗ, ಕುರ್ಚಿ, ಕೈಗಳು, ತಿಳಿವಳಿಕೆ ತಮ್ಮಲ್ಲಿವೆ ಎಂಬ ಮಾತು ಅದು. ಅದನ್ನು ಉಳಿಸಿಕೊಂಡಿದ್ದಾರೆಯೇ ಎಂದು ಕೇಳುವಾಗ ನೀವು ಸಂಕೋಚಪಡಬೇಕಿಲ್ಲ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೆಯ ವಿಧಿ ವಿಹಾರ, ವಿರಾಮ, ಕ್ರೀಡೆಗಳಲ್ಲಿ ಭಾಗವಹಿಸುವುದನ್ನೂ ಹಕ್ಕೆಂದೇ ಹೇಳುತ್ತದೆ.

ಇನ್ನು ಅಪಾಯ. ಇಲ್ಲಿ ಮಾತ್ರ ನಿಧಾನವಾಗಿ ಓದಿ, ಏಕೆಂದರೆ ಬೆನ್ನುಹುರಿಗೆ ಪೆಟ್ಟಾದವರಿಗೆ ಬೆಟ್ಟದಲ್ಲಿ ಎದುರಾಗುವ ಅಪಾಯ ಹೊರಗಿನವರು ಊಹಿಸುವಂಥದ್ದಲ್ಲ. ಎಲ್ಲರೂ ಬೀಳುವುದಕ್ಕೆ ಹೆದರುತ್ತಾರೆ. ಮೇಲಿನಿಂದ ಕಟ್ಟಿದ ಹಗ್ಗವನ್ನು ತಿಳಿದವರು ಹಿಡಿದಿದ್ದರೆ ಬೀಳುವ ಭಯ ಕಡಿಮೆ. ನಿಜವಾದ ಕಂಟಕ ಚರ್ಮದ್ದು. ಹಗ್ಗಕ್ಕೆ ಸಿಕ್ಕಿಸಲು ಸೊಂಟಕ್ಕೂ ತೊಡೆಗೂ ಕಟ್ಟುವ ಪಟ್ಟಿಗಳ ಹಾರ್ನೆಸ್‌ನಲ್ಲಿ ನಾನೊಮ್ಮೆ ಹತ್ತು ನಿಮಿಷ ನೇತಾಡಿದ್ದೆ. ತೊಡೆಯ ಪಟ್ಟಿ ಒತ್ತಿ ಕಾಲು ಜೋಮು ಹಿಡಿದು, ‘ಇಳಿಸಿ’ ಎಂದು ಕೂಗಿದೆ. ನಿಮ್ಮ ತಮ್ಮನಿಗೆ ಆ ನೋವೇ ಗೊತ್ತಾಗುವುದಿಲ್ಲ, ಹಾಗಾಗಿ ಅವನು ಕೂಗುವುದಿಲ್ಲ. ಒತ್ತಿದ ಜಾಗದಲ್ಲಿ ರಕ್ತ ಓಡದೆ ಆಗುವ ಹುಣ್ಣು ವಾಸಿಯಾಗಲು ತಿಂಗಳುಗಳೇ ಬೇಕಾಗಬಹುದು. ಪಟ್ಟಿಗಳ ಕೆಳಗೆ ದಪ್ಪ ಮೆತ್ತೆ ಇರಬೇಕು, ಜೇಬಿನಲ್ಲಿ ಕೀಲಿಕೈಯೂ ಉಳಿದಿರಬಾರದು, ಕುರ್ಚಿಯಲ್ಲಿ ಕೂತಿದ್ದರೂ ಅರ್ಧ ಗಂಟೆಗೊಮ್ಮೆಯಾದರೂ ಮೈಯನ್ನು ಎತ್ತಿ ಒತ್ತಡ ತಪ್ಪಿಸಬೇಕು, ಸಂಜೆ ಚರ್ಮ ಕೆಂಪಾಗಿದೆಯೇ ಎಂದು ನೋಡಬೇಕು. ಎದೆಯ ಮಟ್ಟದಲ್ಲಿ ಪೆಟ್ಟಾಗಿದ್ದರೆ ಸೊಂಟಕ್ಕಷ್ಟೇ ಕಟ್ಟುವ ಹಾರ್ನೆಸ್ ಸಾಲದು. ಮುಂಡಕ್ಕೆ ಹಿಡಿತವಿಲ್ಲದೆ ದೇಹ ಹಿಂದಕ್ಕೆ ವಾಲುತ್ತದೆ. ಎದೆಯನ್ನೂ ಹಿಡಿಯುವ ಪೂರ್ಣ ಹಾರ್ನೆಸ್ ಬೇಕು.

ಎರಡನೆಯದು ಇನ್ನೂ ಮುಖ್ಯ. ಎದೆಯ ಆರನೆಯ ಕಶೇರುಮಣಿಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ, ಮೂತ್ರಕೋಶ ತುಂಬಿದಾಗ ಅಥವಾ ಪಟ್ಟಿ ಬಿಗಿದಾಗ ರಕ್ತದೊತ್ತಡ ಇದ್ದಕ್ಕಿದ್ದಂತೆ ಏರಿಬಿಡಬಹುದು. ತಲೆ ಸಿಡಿಯುವ ನೋವು, ಕೆಂಪೇರಿದ ಮುಖ, ಪೆಟ್ಟಿನ ಮೇಲ್ಭಾಗದಲ್ಲಿ ಬೆವರು ಇದರ ಲಕ್ಷಣ. ಕೂಡಲೇ ಇಳಿಸಿ ನೆಟ್ಟಗೆ ಕೂರಿಸಬೇಕು, ಬಿಗಿದದ್ದನ್ನೆಲ್ಲ ಸಡಿಲಿಸಬೇಕು, ಮೂತ್ರದ ಕೊಳವೆ ಮಡಚಿದೆಯೇ ನೋಡಬೇಕು. ತಡವಾದರೆ ಪ್ರಾಣಕ್ಕೇ ಸಂಚಕಾರ. ಪೆಟ್ಟು ಯಾವ ಮಟ್ಟದ್ದೆಂದು ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ, ಈ ಲಕ್ಷಣಗಳನ್ನು ಮಾರ್ಗದರ್ಶಕರಿಗೆ ಮುಂಚೆಯೇ ಹೇಳಿ. ಕೇಳಿಸಿಕೊಂಡು ಅವರು ಬರೆದುಕೊಂಡರೆ ಒಳ್ಳೆಯದು. ‘ಅದೇನೂ ಆಗಲ್ಲ ಬಿಡಿ’ ಎಂದರೆ ಬೇರೆಯವರನ್ನು ಹುಡುಕಿ.

ಚಳಿಯನ್ನು ಮರೆಯುವವರೇ ಹೆಚ್ಚು. ಎತ್ತರ ಸಾವಿರ ಮೀಟರ್ ಏರಿದರೆ ತಾಪಮಾನ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕುರ್ಚಿ ಎಳೆಯುವವರು ಬೆವರುತ್ತ ಅಂಗಿ ಕಳಚುತ್ತಿರುತ್ತಾರೆ. ಅದೇ ಹೊತ್ತಿಗೆ ಕೂತವನ ಕಾಲಿನ ಸ್ನಾಯು ದುಡಿಯದೆ ಮೈ ತಣ್ಣಗಾಗುತ್ತಿರುತ್ತದೆ, ತಣ್ಣಗಾದದ್ದು ಅವನಿಗೂ ಸರಿಯಾಗಿ ತಿಳಿಯುವುದಿಲ್ಲ. ಬಿಸಿಲಿನಲ್ಲಿ ಇದೇ ತಿರುಗುಮುರುಗು, ಪೆಟ್ಟಿನ ಕೆಳಗೆ ಬೆವರು ಬರುವುದಿಲ್ಲ. ಎಳೆಯುವವರ ಅನುಭವದ ಮೇಲೆ ಅವನ ಬಟ್ಟೆ ತೀರ್ಮಾನವಾಗಬಾರದು.

ಕಯಾಕ್ ವಿಷಯದಲ್ಲಿ ಒಂದೇ ಮಾತು. ಬೆನ್ನಿಗೆ ಎತ್ತರದ ಒರಗು, ದೋಣಿಯ ಎರಡೂ ಬದಿಗೆ ತೇಲುಬುಂಡೆ, ಹಿಂದೆ ಇನ್ನೊಬ್ಬರು, ಎಲ್ಲ ಸರಿ. ಆದರೆ ಜಾರುತ್ತಾನೆಂದು ಅವನನ್ನು ದೋಣಿಗೆ ಬೆಲ್ಟ್ ಬಿಗಿದು ಕಟ್ಟಲು ಬಿಡಬೇಡಿ. ದೋಣಿ ಮಗುಚಿದರೆ ಲೈಫ್ ಜಾಕೆಟ್ ಅವನನ್ನು ಮೇಲಕ್ಕೆತ್ತಬೇಕು, ಕಟ್ಟಿದ ಬೆಲ್ಟ್ ಅವನನ್ನು ನೀರಲ್ಲೇ ಹಿಡಿದಿಡುತ್ತದೆ.

ಕಣ್ಣು ಕಾಣದವರು, ಕಿವಿ ಕೇಳದವರು ಮನೆಯಲ್ಲಿರುವ ಇತರ ಓದುಗರೂ ಇದನ್ನು ಓದುತ್ತಿರಬಹುದು. 2001ರ ಮೇ 25ರಂದು ಎವರೆಸ್ಟ್ ಏರಿದ ಮೊದಲ ಅಂಧ ಆರೋಹಿ ಎರಿಕ್ ವೈಹೆನ್‌ಮೇಯರ್, ಮುಂದೆ ನಡೆಯುವವರು ಕಟ್ಟಿಕೊಂಡ ಗಂಟೆಯ ಸದ್ದು ಹಿಡಿದು ಹೆಜ್ಜೆ ಹಾಕುತ್ತಿದ್ದರು. ಬಂಡೆಯ ಮೇಲೆ ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ‘ಬಲಗೈ, ಎರಡು ಗಂಟೆ ದಿಕ್ಕು’ ಎಂದರೆ ಹಿಡಿಕೆ ಎಲ್ಲಿದೆಯೆಂದು ತಿಳಿಯುತ್ತದೆ. ಕಿವಿ ಕೇಳದವರೊಡನೆ, ಹಗ್ಗವನ್ನು ಎಷ್ಟು ಸಲ ಜಗ್ಗಿದರೆ ಏನರ್ಥ ಎಂದು ನೆಲದ ಮೇಲಿರುವಾಗಲೇ ಮಾತಾಗಿರಬೇಕು. ಖರ್ಚಿಲ್ಲದ ಉಪಾಯಗಳಿವು.

ನ್ಯಾಯದ ಪ್ರಶ್ನೆ ಓದಿ ನನಗೆ ಬೇಸರವಾಯಿತು, ನಿಮ್ಮ ಮೇಲಲ್ಲ. ಇಂಥ ಪ್ರಶ್ನೆಯನ್ನು ನೀವು ಹೊತ್ತುಕೊಳ್ಳಬೇಕಾಗಿ ಬಂತಲ್ಲ ಎಂದು. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಲೆಕ್ಕವೊಂದನ್ನು ಚಾರಣಿಗರು ಇಂದಿಗೂ ಬಳಸುತ್ತಾರೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಆರುನೂರು ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿಮುಟ್ಟಾದವರ ಲೆಕ್ಕ, ಯಾವ ಗುಂಪೂ ಅದರಂತೆ ನಡೆಯುವುದಿಲ್ಲ. ಮಕ್ಕಳಿದ್ದರೆ, ಕಾಲು ಉಳುಕಿದರೆ, ಮಳೆ ಬಂದರೆ ತಿಳಿದ ಮಾರ್ಗದರ್ಶಕರು ಸಮಯ ಕೂಡಿಸುತ್ತಾರೆ. ನಿಮ್ಮ ಗುಂಪಿಗೂ ಕೂಡಿಸಲಿ. ಆರು ಕಿಲೋಮೀಟರಿನ ದಾರಿ ಮೂರಕ್ಕಿಳಿಯಲಿ. ಕುರ್ಚಿಗೆ ಕೈ ಕೊಡಲು ಸರದಿಯ ಮೇಲೆ ನಿಲ್ಲುವ ಬಂಧುಗಳಿಗೆ ಆ ಮೂರು ಕಿಲೋಮೀಟರ್‌ನಲ್ಲೇ ಮೈ ತುಂಬ ಕೆಲಸವಿರುತ್ತದೆ.

ಅಮ್ಮನವರನ್ನೂ ಕೆಳಗೆ ಬಿಡಬೇಡಿ. ಮಂಡಿಗೆ ಏರುವುದಕ್ಕಿಂತ ಇಳಿಯುವುದು ಕಷ್ಟ. ಎರಡು ಊರುಗೋಲು ಕೊಡಿ, ಇಳಿಜಾರು ಸೌಮ್ಯವಾಗಿರುವ ದಾರಿ ಕೇಳಿ. ಅವರು ಮಗನ ಕಾವಲಿಗೆಂದು ಉಳಿಯುತ್ತೇನೆ ಎಂದಿದ್ದಾರೆ. ಮಗನೇ ಮೇಲೆ ಹೊರಟರೆ ಆ ಕಾರಣವೂ ಇರುವುದಿಲ್ಲ.

ಪತ್ರವನ್ನು ಮತ್ತೆ ಮತ್ತೆ ಓದಿದಾಗ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು. ಅಮ್ಮ ಏನೆಂದರು, ಆಯೋಜಕರು ಏನೆಂದರು, ನಿಮ್ಮ ಅಳುಕೇನು, ಎಲ್ಲವೂ ಅದರಲ್ಲಿದೆ. ತಮ್ಮ ಏನೆಂದ ಎಂಬುದಿಲ್ಲ. ಬಹುಶಃ ಆಸೆ ಹುಟ್ಟಿಸಿ ನಿರಾಸೆ ಮಾಡುವುದು ಬೇಡವೆಂದು ನೀವು ಇನ್ನೂ ಕೇಳಿರಲಿಕ್ಕಿಲ್ಲ. ಕೇಳಿ. ಅವನು ಬಂಡೆ ಬೇಡ, ನೀರು ಸಾಕು ಎನ್ನಬಹುದು. ಅರ್ಧ ಹತ್ತಿ ಇಳಿಸಿ ಎನ್ನಬಹುದು. ಹಾಗೆ ಎಂದ ಕೂಡಲೇ, ಇನ್ನೂ ಸ್ವಲ್ಪ ಎಂದು ಹುರಿದುಂಬಿಸದೆ ಇಳಿಸುವ ಮಾರ್ಗದರ್ಶಕರೇ ನಿಮಗೆ ಬೇಕು. ಪ್ರವಾಸಕ್ಕೆ ಇನ್ನೂ ಆರು ವಾರವಿದೆ ಎಂದು ಬರೆದಿದ್ದೀರಿ. ಈ ವಾರ ಮತ್ತೊಮ್ಮೆ ಕರೆ ಮಾಡಿ, ಈ ಸಲ ಫೋನನ್ನು ಅವನ ಕೈಗೆ ಕೊಡಿ.