ಓದುಗರ ಪ್ರಶ್ನೆ: ರೋಮಿನ ರಾಜನಿಗೆ ಪಟ್ಟ ಕಟ್ಟುತ್ತಿದ್ದವರು ಯಾರು?

ಪ್ರಶ್ನೆ: ಕಲಬುರಗಿಯಲ್ಲಾಗಲಿ ಬೀದರಿನಲ್ಲಾಗಲಿ ಬಹಮನಿಗಳ ಪಟ್ಟ ಮನೆತನದೊಳಗೇ ಉಳಿಯಿತು. ರೋಮಿನ ಏಳು ರಾಜರಲ್ಲಿ ಹಾಗಿಲ್ಲವಂತೆ. ಅಲ್ಲಿ ರಾಜನನ್ನು ಆರಿಸುತ್ತಿದ್ದವರು ಯಾರು?
– ಪದವಿ ವಿದ್ಯಾರ್ಥಿನಿ, ಸೇಡಂ

ಉತ್ತರ: ಏಳು ರಾಜರಲ್ಲಿ ತಂದೆಯ ಬೆನ್ನಿಗೇ ಮಗ ಪಟ್ಟಕ್ಕೆ ಬಂದದ್ದು ಒಮ್ಮೆಯೂ ಇಲ್ಲ. ರಾಜ ತೀರಿಕೊಂಡರೆ ಅಧಿಕಾರ, ಅದಕ್ಕಿಂತ ಮುಖ್ಯವಾಗಿ ದೇವರ ಶಕುನ ಕೇಳುವ ಹಕ್ಕು, ಸೆನೆಟ್‌ನ ಹಿರಿಯರಿಗೆ ಮರಳುತ್ತಿತ್ತು. ಅವರಲ್ಲೊಬ್ಬ ಐದು ದಿನದ ಮಟ್ಟಿಗೆ ‘ಇಂಟರ್‌ರೆಕ್ಸ್’, ಅಂದರೆ ನಡುಗಾಲದ ರಾಜ. ಐದು ದಿನ ಮುಗಿದ ಮೇಲೆ ಇನ್ನೊಬ್ಬನಿಗೆ ಒಪ್ಪಿಸಬೇಕು. ಮೊದಲ ರಾಜ ರೋಮುಲಸ್‌ನ ನಂತರ ಒಂದು ವರ್ಷ ಹೀಗೆಯೇ ನಡೆಯಿತೆಂದು ಇತಿಹಾಸಕಾರ ಲಿವಿ ಹೇಳುತ್ತಾನೆ.

ತಕ್ಕವನು ಸಿಕ್ಕಾಗ ಇಂಟರ್‌ರೆಕ್ಸ್ ಅವನ ಹೆಸರನ್ನು ಜನಸಭೆಯ ಮುಂದಿಡುತ್ತಿದ್ದ. ಸಭೆಯಲ್ಲಿ 30 ಕ್ಯೂರಿಯಾಗಳು, ಅಂದರೆ ಪ್ರಜೆಗಳ ಗುಂಪುಗಳು. ಒಂದೊಂದು ಕ್ಯೂರಿಯಾಕ್ಕೆ ಒಂದೊಂದೇ ಮತ. ಇದನ್ನು ಇಂದಿನ ಚುನಾವಣೆ ಎಂದು ಬರೆದರೆ ತಪ್ಪಾಗುತ್ತದೆ. ಜನ ಹೆಸರು ಸೂಚಿಸುವಂತಿರಲಿಲ್ಲ, ಮುಂದಿಟ್ಟ ಹೆಸರಿಗೆ ಹೂಂ ಅಥವಾ ಊಹೂಂ ಅಷ್ಟೇ. ಸೆನೆಟ್‌ನ ಸಮ್ಮತಿಯೂ ಬೇಕಿತ್ತು. ಆಮೇಲೆ ಶಕುನ. ಎರಡನೆಯ ರಾಜ ನೂಮಾನನ್ನು ಕೋಟೆಗುಡ್ಡದಲ್ಲಿ ಕಲ್ಲಿನ ಮೇಲೆ ದಕ್ಷಿಣಾಭಿಮುಖವಾಗಿ ಕೂರಿಸಿ, ಶಕುನಗಾರ ಅವನ ತಲೆಯ ಮೇಲೆ ಬಲಗೈ ಇಟ್ಟು ಜುಪಿಟರ್ ದೇವರನ್ನು ಬೇಡಿದನಂತೆ. ಕೊನೆಗೆ ಅದೇ ಸಭೆ ‘ಇಂಪೀರಿಯಂ’, ಅಂದರೆ ಆಳುವ ಅಧಿಕಾರ, ಕೊಡುವ ಶಾಸನ ಮಾಡುತ್ತಿತ್ತು.

ಹಂತ ತಪ್ಪಿದರೆ ಏನಾಗುತ್ತಿತ್ತು ಎಂಬುದಕ್ಕೆ ಆರನೆಯ ರಾಜ ಸರ್ವಿಯಸ್ ಟುಲಿಯಸ್‌ನನ್ನು ನೋಡಿ. ಅವನು ಜನರ ಮತವಿಲ್ಲದೆ, ಸೆನೆಟ್‌ನ ಒಪ್ಪಿಗೆಯೊಂದರಿಂದಲೇ ಆಳತೊಡಗಿದ. ಮತ ಪಡೆದದ್ದು ಆಮೇಲೆ. ಆ ಕೊರತೆಯನ್ನೂ ಎತ್ತಿ ಹಿಡಿದು, ಮುಂದೆ ಏಳನೆಯ ರಾಜನಾದ ಟಾರ್ಕ್ವಿನಿಯಸ್ ಸುಪರ್ಬಸ್ ಅವನನ್ನು ಕೆಳಗಿಳಿಸಿ ಕೊಲ್ಲಿಸಿದ. ತಾನೋ, ಜನರನ್ನೂ ಕೇಳಲಿಲ್ಲ, ಸೆನೆಟನ್ನೂ ಕೇಳಲಿಲ್ಲ.

ಪ್ರಶ್ನೆ: ಇಂಪೀರಿಯಂ ಎಂದರೆ ನಿಖರವಾಗಿ ಏನು? ರಾಜನಿಗೆ ಅಂಕುಶವೇ ಇರಲಿಲ್ಲವೇ?
– ಪ್ರೌಢಶಾಲಾ ಶಿಕ್ಷಕರು, ಯಾದಗಿರಿ

ಉತ್ತರ: ದಂಡು ಮತ್ತು ದಂಡನೆ ಎರಡೂ ಒಂದೇ ಕೈಯಲ್ಲಿರುವುದೇ ಇಂಪೀರಿಯಂ. ರಾಜನ ಮುಂದೆ ನಡೆಯುವ 12 ಲಿಕ್ಟರ್‌ಗಳ, ಅಂದರೆ ಬೆಂಗಾವಲಿನ ಸೇವಕರ, ಹೆಗಲ ಮೇಲೆ ಕೋಲುಗಳ ಕಟ್ಟು, ಅದರೊಳಗೊಂದು ಕೊಡಲಿ: ಕೋಲು ಹೊಡೆಯಲು, ಕೊಡಲಿ ತಲೆ ತೆಗೆಯಲು. ಮುಖ್ಯ ಅರ್ಚಕನೂ ಅವನೇ. ಸೆನೆಟ್ ಸಲಹೆ ಕೊಡಬಹುದಿತ್ತು, ಕಟ್ಟಿಹಾಕುವಂತಿರಲಿಲ್ಲ. ಆದರೂ ಮೂರನೆಯ ರಾಜ ಟುಲಸ್‌ನ ಕಾಲದಲ್ಲಿ, ತಂಗಿಯನ್ನು ಕೊಂದ ಹೊರೇಷಿಯಸ್‌ಗೆ ಇಬ್ಬರು ನ್ಯಾಯಾಧಿಕಾರಿಗಳು ಮರಣದಂಡನೆ ವಿಧಿಸಿದಾಗ, ಅವನು ಜನರಿಗೆ ಮೊರೆಯಿಟ್ಟು ಉಳಿದನೆಂಬ ಕಥೆಯಿದೆ. ಆ ಮೊರೆಗೆ ಅವಕಾಶ ಕೊಟ್ಟವನು ರಾಜನೇ. ಅದು ಅವನ ಕೃಪೆ, ಪ್ರಜೆಯ ಹಕ್ಕಾಗಿರಲಿಲ್ಲ.

ಪಾಠ ಮಾಡುವಾಗ ಒಂದು ಎಚ್ಚರ ಇರಲಿ. ಕ್ರಿ.ಪೂ. 753ರಿಂದ 509 ಎಂಬುದು ಸಂಪ್ರದಾಯದ ಲೆಕ್ಕ. 244 ವರ್ಷಕ್ಕೆ ಏಳೇ ರಾಜರು, ತಲೆಗೆ ಸುಮಾರು 35 ವರ್ಷ; ನಂಬುವುದು ಕಷ್ಟ. ಲಿವಿ ಬರೆದದ್ದೂ ಕೊನೆಯ ರಾಜ ಹೋಗಿ ಸುಮಾರು 500 ವರ್ಷವಾದ ಮೇಲೆ. ಆದರೆ 1899ರಲ್ಲಿ ರೋಮಿನ ಫೋರಂ ಎಂಬ ಹಳೆಯ ಊರಚೌಕದಲ್ಲಿ ಸಿಕ್ಕ ಹಳೆಯ ಶಿಲಾಶಾಸನದಲ್ಲಿ ‘ರೆಕೈ’, ಅಂದರೆ ‘ರಾಜನಿಗೆ’, ಎಂಬ ಪದವಿದೆ.

ಪ್ರಶ್ನೆ: ರಾಜರನ್ನು ಓಡಿಸಿದ ಮೇಲೂ ‘ರೆಕ್ಸ್’ (ರಾಜ) ಎಂಬ ಪದವಿ ಉಳಿದದ್ದೇಕೆ?
– ಓದುಗರು, ಬೀದರ್

ಉತ್ತರ: ಕೆಲವು ಬಲಿಗಳನ್ನು ರಾಜನೇ ಕೊಡಬೇಕಿತ್ತು, ಕೈ ಬದಲಾದರೆ ದೇವರು ಮುನಿಯಬಹುದೆಂಬ ಭಯ. ಅದಕ್ಕೆಂದೇ ‘ರೆಕ್ಸ್ ಸಕ್ರೋರಂ’ ಎಂಬ ಅರ್ಚಕನನ್ನಿಟ್ಟು, ಅವನು ಬೇರಾವ ಅಧಿಕಾರಕ್ಕೂ ಬರದಂತೆ ತಡೆದರು. ಇಂಪೀರಿಯಂ ವರ್ಷಕ್ಕೊಮ್ಮೆ ಬದಲಾಗುವ ಇಬ್ಬರು ಕಾನ್ಸಲ್‌ಗಳಿಗೆ, ಅಂದರೆ ಮುಖ್ಯಾಧಿಕಾರಿಗಳಿಗೆ, ಹೋಯಿತು. ನಗರದೊಳಗೆ ಕೋಲಿನ ಕಟ್ಟಿನಿಂದ ಕೊಡಲಿಯನ್ನೂ ತೆಗೆದರು.