ಎಮರ್ಜೆನ್ಸಿಯಲ್ಲಿ ಕೊಟ್ಟ ಡಿಸ್ಚಾರ್ಜ್ ಸಮ್ಮರಿ ಅರ್ಥವಾಗದಿದ್ದರೆ ಏನು ಮಾಡಬೇಕು?

ತಂದೆಯವರನ್ನು ರಾತ್ರಿ ಎಮರ್ಜೆನ್ಸಿಗೆ ಸೇರಿಸಿದ್ದೆವು, ಬೆಳಿಗ್ಗೆ ಮನೆಗೆ ಕಳಿಸಿದರು, ಡಿಸ್ಚಾರ್ಜ್ ಸಮ್ಮರಿ ಓದಿದರೆ ಏನೂ ತಿಳಿಯುತ್ತಿಲ್ಲ ಎಂದು ಬರೆದಿದ್ದೀರಿ. ನಾನು ಎಮರ್ಜೆನ್ಸಿ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಇಂಥ ಹಾಳೆಗಳನ್ನು ದಿನಾ ಜನರ ಕೈಗೆ ಕೊಡುವವಳು.

ಮಾತ್ರೆಯ ಹೆಸರಿನ ಮುಂದೆ ಬರೆದ 1-0-1 ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು. ಓಡಿ (OD) ಅಂದರೆ ದಿನಕ್ಕೊಂದು ಸಲ, ಬಿಡಿ (BD) ಎರಡು ಸಲ, ಟಿಡಿಎಸ್ ಮೂರು ಸಲ. ಎಚ್‌ಎಸ್ ಅಂದರೆ ಮಲಗುವ ಹೊತ್ತಿಗೆ. ಎಸ್‌ಒಎಸ್ ಅಂತಿದ್ದರೆ ನೋವೋ ಜ್ವರವೋ ಬಂದಾಗ ಮಾತ್ರ. ಅದನ್ನೂ ದಿನಾ ನುಂಗುವವರನ್ನು ನೋಡಿದ್ದೇನೆ.

ಆದರೆ ಅಕ್ಷರಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಹಾಳೆಯಲ್ಲಿ ಬರೆಯದೇ ಬಿಟ್ಟ ಮಾತು. ಒಮ್ಮೆ ತಲೆಸುತ್ತು ಅಂತ ಒಬ್ಬ ಅಜ್ಜಿ ಬಂದರು. ಹಿಂದಿನ ವಾರವಷ್ಟೇ ಬಿಪಿ ಏರಿ ಬೇರೆ ಆಸ್ಪತ್ರೆಗೆ ಹೋಗಿ ಬಂದಿದ್ದರು. ಹಾಳೆ ನೀಟಾಗಿ ಟೈಪ್ ಆಗಿತ್ತು. ಅಜ್ಜಿ ಸೆರಗಿನ ಗಂಟು ಬಿಚ್ಚಿ ಎರಡು ಸ್ಟ್ರಿಪ್ ತೋರಿಸಿದರು. ಒಂದು ಹಳೆಯದು, ಒಂದು ಹೊಸದು, ಹೆಸರು ಬೇರೆ ಬೇರೆ. ತಿರುಗಿಸಿ ನೋಡಿದರೆ ಎರಡರ ಬೆನ್ನ ಮೇಲೂ ಆಮ್ಲೋಡಿಪಿನ್ ಎಂಬ ಒಂದೇ ಬಿಪಿ ಔಷಧ! ಹಳೆಯದನ್ನು ನಿಲ್ಲಿಸಿ ಎಂದು ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಅಜ್ಜಿಯದು ಏನು ತಪ್ಪು, ಹೇಳಿ? ಡ್ಯೂಟಿ ಬದಲಾಗುವ ಹೊತ್ತಿನ ಗಡಿಬಿಡಿ ನನಗೂ ಗೊತ್ತು. ಆದರೂ ಆ ಒಂದು ಸಾಲು ಬರೆಯಲು ಅರ್ಧ ನಿಮಿಷ ಸಾಕಲ್ವಾ?

ನೀವು ಹಾಳೆ ಹಿಡಿದು ವಾಪಸ್ ಹೋಗಿ. ಅಪ್ಪನಿಗೆ ಏನಾಗಿತ್ತು, ಹಳೆಯ ಮಾತ್ರೆಗಳಲ್ಲಿ ಯಾವುದನ್ನು ಬಿಡಬೇಕು, ಏನಾದರೆ ತಕ್ಷಣ ಬರಬೇಕು, ಯಾವ ರಿಪೋರ್ಟ್ ಇನ್ನೂ ಬರಬೇಕಿದೆ ಎಂದು ಕೇಳಿ. ಹೇಳಿದ್ದನ್ನು ಹಾಳೆಯ ಹಿಂದೆ ಕನ್ನಡದಲ್ಲೇ ಬರೆದುಕೊಳ್ಳಿ, ಬರೆದದ್ದನ್ನು ಅವರಿಗೇ ಓದಿ ಹೇಳಿ. ಸಂಕೋಚ ಬೇಡ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದು ವೈದ್ಯಕೀಯ ಮಂಡಳಿಯ 2002ರ ನಿಯಮವೇ ಹೇಳುತ್ತದೆ. ಔಷಧದ ಜನರಿಕ್ ಹೆಸರನ್ನು, ಅಂದರೆ ಕಂಪನಿ ಇಟ್ಟ ಹೆಸರಲ್ಲ, ಒಳಗಿರುವ ಔಷಧದ ಹೆಸರನ್ನು, ಓದಲು ಬರುವಂತೆ, ಆದಷ್ಟು ಕ್ಯಾಪಿಟಲ್ ಅಕ್ಷರದಲ್ಲಿ ಬರೆಯಬೇಕು ಎಂಬುದು 2016ರಲ್ಲಿ ಅದೇ ನಿಯಮಕ್ಕೆ ಸೇರಿತು.

ಹೋಗುವಾಗ ಅಪ್ಪ ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಆಯುರ್ವೇದದ್ದು, ಮೆಡಿಕಲ್ ಶಾಪಿನವರು ಸುಮ್ನೆ ಕೊಟ್ಟಿದ್ದು, ಅದನ್ನೂ ಬಿಡಬೇಡಿ.