ಗೋಲಗುಮ್ಮಟದ ಕತ್ತಲು, ಇಳಕಲ್ಲ ಸೆರಗಿನ ಕೆಂಪು: ಮೊಬೈಲ್ ಕ್ಯಾಮೆರಾ ಕುರಿತ ಪ್ರಶ್ನೆಗಳಿಗೆ ಉತ್ತರ

ಬೆಳಕು, ಬಣ್ಣ, ಫೋಕಸ್‌ಗಳನ್ನು ಫೋನಿಗೆ ಬಿಡದೆ ನಾವೇ ನಿಗದಿಪಡಿಸಲು ಬರುವ ಮೊಬೈಲ್ ಕ್ಯಾಮೆರಾದ ಪ್ರೊ ಮೋಡ್ ಕುರಿತು ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇವೆ. ಕೇಳಿದವರು ಬೇರೆ ಬೇರೆಯಾದರೂ ಎಲ್ಲರ ಸಂದೇಹ ಬಹುಮಟ್ಟಿಗೆ ಒಂದೇ ಆಗಿದೆ: ಯಾವ ನಿರ್ಧಾರವನ್ನು ಫೋನಿಗೆ ಬಿಡಬೇಕು, ಯಾವುದನ್ನು ನಾವೇ ತೆಗೆದುಕೊಳ್ಳಬೇಕು? ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಎರಡು ಪದಗಳ ಅರ್ಥ ಇಷ್ಟು: ಷಟರ್ ಎಂದರೆ ಕ್ಯಾಮೆರಾದ ಸೆನ್ಸರ್ ಬೆಳಕನ್ನು ಹಿಡಿಯುವ ಹೊತ್ತು, ಐಎಸ್ಒ ಎಂದರೆ ಹಿಡಿದ ಬೆಳಕನ್ನು ಹಿಗ್ಗಿಸುವ ಪ್ರಮಾಣ.

ಪ್ರಶ್ನೆ: ಗೋಲಗುಮ್ಮಟದ ಒಳಗೆ ಒಂದೇ ಜಾಗದಲ್ಲಿ ನಿಂತು ಎರಡು ಚಿತ್ರ ತೆಗೆದೆ. ಆಟೋದಲ್ಲಿ ತೆಗೆದದ್ದು ಸ್ವಚ್ಛವಾಗಿ ಬಂದಿತು. ಪ್ರೊ ಮೋಡಿನಲ್ಲಿ ಐಎಸ್ಒ 1600, ಷಟರ್ 1/30 ಸೆಕೆಂಡ್ ಇಟ್ಟು ತೆಗೆದದ್ದು ಮರಳು ಎರಚಿದಂತಿದೆ. ಪ್ರೊ ಎಂದರೆ ಹೆಚ್ಚು ಉತ್ತಮ ಎಂದಲ್ಲವೇ? ನನ್ನ ಫೋನಿನಲ್ಲಿ ದೋಷವಿದೆಯೇ?
— ವಿಜಯಪುರದ ಓದುಗರು

ಉತ್ತರ: ನಿಮ್ಮ ಫೋನಿನಲ್ಲಿ ದೋಷವಿಲ್ಲ. ನೀವು ಹೋಲಿಸುತ್ತಿರುವುದು ಒಂದು ಚಿತ್ರವನ್ನು ಇನ್ನೊಂದು ಚಿತ್ರದೊಂದಿಗೆ ಅಲ್ಲ, ಒಂದು ಚಿತ್ರವನ್ನು ಹಲವು ಚಿತ್ರಗಳ ಒಟ್ಟು ಫಲದೊಂದಿಗೆ. ಆಟೋ ಮೋಡಿನಲ್ಲಿ ನೀವು ಗುಂಡಿ ಒತ್ತುವುದು ಒಂದೇ ಸಲವಾದರೂ ಫೋನು ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಚಿತ್ರಗಳನ್ನು ತೆಗೆದು, ಕೈ ಅಲುಗಿದ್ದನ್ನು ಸರಿಪಡಿಸಿ, ಒಂದರ ಮೇಲೊಂದು ಹೊಂದಿಸಿ, ಅವುಗಳ ಸರಾಸರಿಯಿಂದ ನಿಮಗೆ ಕಾಣುವ ಚಿತ್ರವನ್ನು ಕಟ್ಟುತ್ತದೆ. ಕಂಪ್ಯುಟೇಶನಲ್ ಫೋಟೋಗ್ರಫಿ ಎಂದು ಕರೆಯುವುದರ ತಿರುಳು ಇದೇ. ಮಂದ ಬೆಳಕಿನಲ್ಲಿ ಏಳುವ ಮರಳಿನಂಥ ಕಾಳುಗಳು ಪ್ರತಿ ಚಿತ್ರದಲ್ಲಿಯೂ ಬೇರೆ ಬೇರೆ ಕಡೆ ಬೀಳುತ್ತವೆ, ಆದರೆ ಗುಮ್ಮಟದ ಕಲ್ಲು ಪ್ರತಿ ಚಿತ್ರದಲ್ಲಿಯೂ ಅದೇ ಜಾಗದಲ್ಲಿರುತ್ತದೆ. ಆದ್ದರಿಂದ ಸರಾಸರಿ ತೆಗೆದಾಗ ಕಲ್ಲು ಉಳಿದು ಕಾಳು ಕರಗುತ್ತದೆ. ಒಂಬತ್ತು ಚಿತ್ರಗಳನ್ನು ಕೂಡಿಸಿದರೆ ಕಾಳಿನ ಪ್ರಮಾಣ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಗೂಗಲ್ ಸಂಸ್ಥೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಎಚ್‌ಡಿಆರ್ ಪ್ಲಸ್ ವಿಧಾನದಲ್ಲಿ ಈ ಚಿತ್ರಗಳನ್ನೆಲ್ಲ ಬೇಕೆಂದೇ ಕಪ್ಪಾಗಿ ತೆಗೆಯಲಾಗುತ್ತದೆ. ಕಿಟಕಿಯ ಬೆಳಕು ಸುಟ್ಟು ಬೆಳ್ಳಗಾಗದಂತೆ ಮೊದಲು ಕಾಪಾಡಿಕೊಂಡು, ನೆರಳಿನ ಭಾಗವನ್ನು ಆಮೇಲೆ ಎತ್ತುವುದು ಅದರ ಉಪಾಯ.

ಬಹಳಷ್ಟು ಫೋನುಗಳ ಪ್ರೊ ಮೋಡಿನಲ್ಲಿ ಈ ಕೂಡಿಸುವ ಕೆಲಸ ನಡೆಯುವುದಿಲ್ಲ. ಅಲ್ಲಿ ನಿಮಗೆ ಸಿಗುವುದು ಚಿಕ್ಕದೊಂದು ಸೆನ್ಸರ್ 1/30 ಸೆಕೆಂಡಿನಲ್ಲಿ ಹಿಡಿದಷ್ಟೇ ಬೆಳಕು, ಮತ್ತು ಆ ಸ್ವಲ್ಪ ಬೆಳಕನ್ನು ಐಎಸ್ಒ 1600 ಹಿಗ್ಗಿಸಿ ತೋರಿಸಿದಾಗ ಅದರ ಜೊತೆಗೇ ಹಿಗ್ಗಿದ ಕಾಳು. ಹಾಗಾದರೆ ಪ್ರೊ ಮೋಡ್ ಏತಕ್ಕೆ? ಫೋನನ್ನು ಕದಲದಂತೆ ಎಲ್ಲಿಯಾದರೂ ಆನಿಸಿ ಇಡಲು ಸಾಧ್ಯವಿದ್ದಾಗ ಅದರ ಬೆಲೆ ತಿಳಿಯುತ್ತದೆ. ಐಎಸ್ಒವನ್ನು 1600ರಿಂದ 100ಕ್ಕೆ ಇಳಿಸಿದರೆ ಹದಿನಾರು ಪಟ್ಟು ಹೆಚ್ಚು ಹೊತ್ತು ಷಟರ್ ತೆರೆದಿರಬೇಕು, ಅಂದರೆ 1/30ರ ಬದಲು ಸುಮಾರು ಅರ್ಧ ಸೆಕೆಂಡ್. ಕೈಯಲ್ಲಿ ಹಿಡಿದು ಅರ್ಧ ಸೆಕೆಂಡ್ ಅಲುಗದಿರುವುದು ಕಷ್ಟ. ಗೋಡೆಗೋ ಕಟ್ಟೆಗೋ ಫೋನನ್ನು ಒತ್ತಿ ಹಿಡಿದು, ಬೆರಳು ತಾಗಿದ ಅಲುಗಾಟವೂ ಬರದಂತೆ ಎರಡು ಸೆಕೆಂಡಿನ ಟೈಮರ್ ಇಟ್ಟರೆ ಸುಲಭ. ಸಂರಕ್ಷಿತ ಸ್ಮಾರಕಗಳಲ್ಲಿ ಮುಕ್ಕಾಲಿ ಸ್ಟ್ಯಾಂಡ್ ನಿಲ್ಲಿಸಲು ಪುರಾತತ್ತ್ವ ಇಲಾಖೆಯ ಅನುಮತಿ ಬೇಕಾಗುವುದರಿಂದ ಗೋಡೆಯ ಆಸರೆಯೇ ನಮಗೆ ಗತಿ.

ಕೈಯಲ್ಲಿ ಹಿಡಿದೇ ತೆಗೆಯುವುದಾದರೆ ಆಟೋ ಅಥವಾ ನೈಟ್ ಮೋಡನ್ನು ನಿಸ್ಸಂಕೋಚವಾಗಿ ಬಳಸಿರಿ. ಆದರೆ ಒಂದು ನಿರ್ಧಾರವನ್ನು ಮಾತ್ರ ಫೋನಿಗೆ ಬಿಡಬೇಡಿರಿ. ಹೊರವ್ಯಾಸವೇ ಸುಮಾರು 44 ಮೀಟರ್ ಇರುವ ಆ ಗುಮ್ಮಟದ ಕೆಳಗೆ ನಿಂತವರ ಮನಸ್ಸನ್ನು ಹಿಡಿದಿಡುವುದು ಅಲ್ಲಿನ ಮಬ್ಬು. ನೈಟ್ ಮೋಡ್ ಅದನ್ನು ಮದುವೆ ಮಂಟಪದಷ್ಟು ಬೆಳಗಿಸಿಬಿಡುತ್ತದೆ. ಪರದೆಯ ಮೇಲೆ ಬೆರಳಿಟ್ಟಾಗ ಕಾಣುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆದು ಬೆಳಕನ್ನು ಒಂದು ಹಂತ ಕಡಿಮೆ ಮಾಡಿರಿ. ಆಮೇಲೆ ಚಿತ್ರವನ್ನು ಹಿಗ್ಗಿಸಿ, ಕೆಳಗೆ ನಡೆದು ಹೋಗುತ್ತಿದ್ದವರ ಅಂಗಿಯನ್ನು ನೋಡಿರಿ: ಸುತ್ತಲಿನ ಗೋಡೆ ನುಣುಪಾಗಿದ್ದರೂ ಅಂಗಿಯ ಮೇಲೆ ಕಾಳು ಉಳಿದಿರುವ ಸಾಧ್ಯತೆ ಹೆಚ್ಚು. ಚಲಿಸಿದ ಭಾಗ ಒಂದು ಚಿತ್ರದಿಂದ ಇನ್ನೊಂದಕ್ಕೆ ಹೊಂದದ ಕಾರಣ ಫೋನು ಅಷ್ಟು ತುಣುಕನ್ನು ಕೂಡಿಸದೆ ಬಿಟ್ಟಿರುತ್ತದೆ.

ಪ್ರಶ್ನೆ: ನಮ್ಮದು ನೇಕಾರ ಮನೆತನ. ವಾಟ್ಸಾಪಿನಲ್ಲಿ ಚಿತ್ರ ಕಳಿಸಿ ಸೀರೆ ಮಾರುತ್ತೇವೆ. ಒಂದೇ ಸೀರೆ ಒಂದು ಚಿತ್ರದಲ್ಲಿ ಒಂದು ಬಣ್ಣ, ಮತ್ತೊಂದರಲ್ಲಿ ಇನ್ನೊಂದು ಬಣ್ಣ ಕಾಣುತ್ತದೆ. ಸೆರಗಿನ ಕೆಂಪಂತೂ ಬಳಿದ ಹಾಗೆ ಆಗಿ ನೇಯ್ಗೆಯೇ ಕಾಣುವುದಿಲ್ಲ. "ಚಿತ್ರದಲ್ಲಿ ಕಂಡದ್ದು ಇದಲ್ಲ" ಎಂದು ಸೀರೆ ಮರಳಿ ಬಂದಾಗ ಬಹಳ ಬೇಸರವಾಗುತ್ತದೆ. ಏನು ಮಾಡಬೇಕು?
— ಇಳಕಲ್ಲಿನ ಓದುಗರು

ಉತ್ತರ: ಪ್ರೊ ಮೋಡಿನಿಂದ ನಿಜವಾದ ಲಾಭ ಆಗುವುದು ನಿಮ್ಮಂಥವರಿಗೆ. ಅದಕ್ಕಾಗಿ ಈ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ.

ಮೊದಲು ಬಣ್ಣ ಬದಲಾಗುವ ಕಾರಣ. ಎದುರಿಗಿರುವ ಬೆಳಕು ಹಳದಿಯೋ ನೀಲಿಯೋ ಎಂಬುದನ್ನು ಫೋನು ದೃಶ್ಯವನ್ನು ನೋಡಿ ಊಹಿಸುತ್ತದೆ. ಚಿತ್ರದ ತುಂಬ ಒಂದೇ ಬಣ್ಣದ ಒಡಲು ಹರಡಿದ್ದರೆ ಆ ಊಹೆ ತಪ್ಪುತ್ತದೆ: ಹಸಿರು ಸೀರೆಯನ್ನು ಕಂಡು "ಬೆಳಕೇ ಹಸಿರಾಗಿದೆ" ಎಂದು ತಿಳಿದು ಅದನ್ನು ಸರಿಪಡಿಸಲು ಹೋಗಿ ನಿಮ್ಮ ಬಣ್ಣವನ್ನೇ ಪೇಲವಗೊಳಿಸುತ್ತದೆ. ಮುಂದಿನ ಚಿತ್ರದಲ್ಲಿ ಪಕ್ಕದ ಬಿಳಿ ಗೋಡೆ ಒಂದಿಷ್ಟು ಸೇರಿದರೆ ಊಹೆ ಬದಲಾಗುತ್ತದೆ, ಬಣ್ಣವೂ ಬದಲಾಗುತ್ತದೆ. ಪ್ರೊ ಮೋಡಿನಲ್ಲಿ ಡಬ್ಲ್ಯೂಬಿ ಎಂದು ಬರೆದಿರುವ ವೈಟ್ ಬ್ಯಾಲೆನ್ಸನ್ನು ಆಟೋದಿಂದ ತೆಗೆದು ಒಂದು ಸಂಖ್ಯೆಗೆ ಕಟ್ಟಿಹಾಕಿದರೆ ಈ ತೊಂದರೆ ಅಲ್ಲಿಗೇ ನಿಲ್ಲುತ್ತದೆ. ಸಂಖ್ಯೆಯನ್ನು ಆರಿಸುವುದು ಹೀಗೆ: ಸೀರೆಯ ಜಾಗದಲ್ಲಿ ಒಂದು ಬಿಳಿ ಕಾಗದ ಇಡಿರಿ, ಅದು ಪರದೆಯ ಮೇಲೆಯೂ ಬಿಳಿಯಾಗಿಯೇ ಕಾಣುವವರೆಗೆ ಪಟ್ಟಿಯನ್ನು ಸರಿಸಿರಿ. ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ ಬಿಸಿಲಿನ ಬೆಳಕಿಗೆ ಅದು 5500ರ ಆಸುಪಾಸು ಬರುತ್ತದೆ, ಪಡಸಾಲೆಯ ನೆರಳಿನಲ್ಲಿ 7000ದ ಸಮೀಪಕ್ಕೆ ಏರುತ್ತದೆ, ಹಳೆಯ ಹಳದಿ ಬಲ್ಬಿಗೆ 3000ದ ಕೆಳಗೂ ಇಳಿಯಬಹುದು. ಬಾಗಿಲ ಬೆಳಕು ಮತ್ತು ಟ್ಯೂಬ್‌ಲೈಟ್ ಎರಡೂ ಒಟ್ಟಿಗೆ ಬೀಳುವಲ್ಲಿ ಯಾವ ಸಂಖ್ಯೆ ಇಟ್ಟರೂ ಸೀರೆಯ ಒಂದು ಮಗ್ಗುಲು ತಪ್ಪುತ್ತದೆ. ಆದ್ದರಿಂದ ದೀಪ ಆರಿಸಿ, ಬಿಸಿಲು ನೇರವಾಗಿ ಬೀಳದ ಬಾಗಿಲ ಹತ್ತಿರ ಸೀರೆ ಹರಡುವುದೇ ಸರಿಯಾದ ದಾರಿ.

ಇನ್ನು ಸೆರಗಿನ ಕೆಂಪು. ಫೋನು ಚಿತ್ರದ ಪ್ರತಿ ಬಿಂದುವನ್ನೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಳತೆಗಳಲ್ಲಿ ಬರೆದಿಡುತ್ತದೆ. ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಪ್ರತಿ ಅಳತೆಯೂ 0ಯಿಂದ 255ರವರೆಗೆ ಮಾತ್ರ ಹೋಗುತ್ತದೆ. ಇಳಕಲ್ಲ ಸೀರೆಯ ಟೋಪ ತೆನಿ ಎಂಬ ಸೆರಗಿನ ಗಾಢ ಕೆಂಪು ಎದುರಾದಾಗ ಹಸಿರು, ನೀಲಿ ಅಳತೆಗಳು ಇನ್ನೂ ಕೆಳಗಿರುವಾಗಲೇ ಕೆಂಪಿನ ಅಳತೆ 255ಕ್ಕೆ ತಲುಪಿ ತುಂಬಿಬಿಡುತ್ತದೆ. ಒಟ್ಟು ಬೆಳಕು ಕಣ್ಣಿಗೆ ಸರಿಯಾಗಿಯೇ ಕಾಣುತ್ತಿರುತ್ತದೆ, ಆದರೆ ತುಂಬಿದ ಮೇಲೆ ಒಂದು ಎಳೆಗೂ ಪಕ್ಕದ ಎಳೆಗೂ ವ್ಯತ್ಯಾಸ ಉಳಿಯುವುದಿಲ್ಲ. ರೇಷ್ಮೆಯ ಎಳೆ ಎಲ್ಲಿ ಮೇಲೆದ್ದಿದೆ, ಬಿಳಿಯ ತೆನೆ ಎಲ್ಲಿ ಕೆಂಪನ್ನು ಕಡಿದಿದೆ, ಒಡಲಿನ ಉದ್ದದ ಎಳೆಗಳಿಗೆ ಸೆರಗಿನ ಉದ್ದದ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಿದ ಜಾಗದ ಸಣ್ಣ ಗೆರೆ ಎಲ್ಲಿದೆ ಎಂಬುದೆಲ್ಲ ಬಳಿದ ಬಣ್ಣದಡಿ ಮುಚ್ಚಿಹೋಗುತ್ತದೆ. ಈ ಕೊಂಡಿಯೇ ಇಳಕಲ್ಲ ಸೀರೆಯ ಗುರುತಾಗಿರುವಾಗ ಅದು ಕಾಣದ ಚಿತ್ರ ನಿಮ್ಮ ದುಡಿಮೆಗೆ ಅನ್ಯಾಯ ಮಾಡಿದಂತೆ. ಎಕ್ಸ್‌ಪೋಶರನ್ನು, ಅಂದರೆ ಚಿತ್ರದ ಬೆಳಕಿನ ಮಟ್ಟವನ್ನು, ಒಂದು ಹಂತದ ಮೂರನೆಯ ಎರಡು ಭಾಗದಷ್ಟು, ಅಂದರೆ -0.7ಕ್ಕೆ ಇಳಿಸಿ ನೋಡಿರಿ; ಸಾಲದಿದ್ದರೆ -1. ಚಿತ್ರ ಸ್ವಲ್ಪ ಮಂಕಾಗಿ ಕಂಡರೂ ನೇಯ್ಗೆ ಉಳಿದಿರುತ್ತದೆ, ಮಂಕನ್ನು ಆಮೇಲೆ ಎತ್ತಬಹುದು. ಒಮ್ಮೆ ಸುಟ್ಟುಹೋದ ಕೆಂಪನ್ನು ಮರಳಿ ತರಲು ಬರುವುದಿಲ್ಲ. ಫೋನಿನಲ್ಲಿ ದೃಶ್ಯವನ್ನು ತಾನೇ ಗುರುತಿಸಿ ಬಣ್ಣ ಏರಿಸುವ ಎಐ ಸೌಲಭ್ಯವಿದ್ದರೆ ಸೀರೆಯ ಮಟ್ಟಿಗೆ ಅದನ್ನು ಬಂದ್ ಮಾಡಿಡಿರಿ.

ಮಗ್ಗದ ಕೋಣೆಯ ಎಲ್ಇಡಿ ಬೆಳಕಿನಲ್ಲಿಯೇ ತೆಗೆಯಬೇಕಾದ ಸಂದರ್ಭದಲ್ಲಿ ಚಿತ್ರದ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆ ಬರುವುದುಂಟು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದಾದ ಕಾರಣ ಅನೇಕ ದೀಪಗಳ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ, ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುವಾಗ ಆ ಏರಿಳಿತ ಪಟ್ಟೆಯಾಗಿ ಮೂಡುತ್ತದೆ. ಷಟರನ್ನು 1/100 ಅಥವಾ 1/50ಕ್ಕೆ ಇಟ್ಟರೆ ಪ್ರತಿ ಸಾಲಿಗೂ ಪೂರ್ತಿ ಏರಿಳಿತ ಸಿಕ್ಕು ಪಟ್ಟೆ ಮಾಯವಾಗುತ್ತದೆ. ಸಣ್ಣ ಚೌಕಡಿಯ ಒಡಲಿನ ಮೇಲೆ ಇಲ್ಲದ ಅಲೆಗಳು ಕಂಡರೆ ಅದು ಬೇರೆ ತೊಂದರೆ. ಎಳೆಗಳ ಸಾಲು ಮತ್ತು ಸೆನ್ಸರಿನ ಬಿಂದುಗಳ ಸಾಲು ಒಂದಕ್ಕೊಂದು ತಾಕಿದಾಗ ಹಾಗಾಗುತ್ತದೆ, ಒಂದು ಹೆಜ್ಜೆ ಹಿಂದೆ ಅಥವಾ ಮುಂದೆ ಸರಿದರೆ ಸಾಕು.

ಕೊನೆಗೆ, ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದಾಗ ಅದು ಚಿತ್ರವನ್ನು ಕುಗ್ಗಿಸುತ್ತದೆ. ಸೆರಗಿನ ಹತ್ತಿರದ ಚಿತ್ರವೊಂದನ್ನಾದರೂ ಡಾಕ್ಯುಮೆಂಟ್ ಆಗಿ ಕಳಿಸಿರಿ, ಮತ್ತು ಒಂದು ಚಿತ್ರದಲ್ಲಿ ಆ ಬಿಳಿ ಕಾಗದವೂ ಸೀರೆಯ ಪಕ್ಕದಲ್ಲಿಯೇ ಇರಲಿ. ಕೊಳ್ಳುವವರ ಪರದೆ ಹಳದಿಗೆ ವಾಲಿದ್ದರೆ ಕಾಗದವೂ ಹಳದಿಯಾಗಿ ಕಂಡು ಅವರಿಗೆ ಕಾರಣ ತಿಳಿಯುತ್ತದೆ.

ಪ್ರಶ್ನೆ: ಗೋಕಾಕ ಜಲಪಾತದ ನೀರು ಹಾಲಿನ ತೆರೆಯಂತೆ ಕಾಣಬೇಕೆಂದು ಮಧ್ಯಾಹ್ನದ ಹೊತ್ತು ಷಟರ್ ಅರ್ಧ ಸೆಕೆಂಡ್ ಇಟ್ಟೆ. ಚಿತ್ರವೆಲ್ಲ ಬರೀ ಬಿಳಿ ಬಂದಿತು. ಎಲ್ಲಿ ತಪ್ಪಿದೆ?
— ಗೋಕಾಕದ ಓದುಗರು

ಉತ್ತರ: ತಪ್ಪಿದ್ದು ನೀವು ಆರಿಸಿಕೊಂಡ ಮಧ್ಯಾಹ್ನದ ಹೊತ್ತು. ದೊಡ್ಡ ಕ್ಯಾಮೆರಾದಲ್ಲಿ ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಿ ಬೆಳಕು ತಗ್ಗಿಸಬಹುದು. ಹೆಚ್ಚಿನ ಫೋನುಗಳಲ್ಲಿ ಆ ಕಿಂಡಿ ಎಫ್/1.8 ಎಂಬ ಅಗಲ ಅಳತೆಯ ಆಸುಪಾಸಿನಲ್ಲಿ ಖಾಯಂ ಆಗಿ ತೆರೆದೇ ಇರುತ್ತದೆ. ಅಂಥ ಲೆನ್ಸಿಗೆ ನಡುಹಗಲಿನ ಬಿಸಿಲಿನಲ್ಲಿ ಐಎಸ್ಒ 50 ಇಟ್ಟರೂ ಬೇಕಾಗುವುದು ಸುಮಾರು 1/4000 ಸೆಕೆಂಡ್ ಮಾತ್ರ. ನೀವು ಕೊಟ್ಟದ್ದು ಅದರ ಎರಡು ಸಾವಿರ ಪಟ್ಟು. ಬೆಳಕನ್ನು ಸಾವಿರದ ಒಂದು ಭಾಗಕ್ಕೆ ಇಳಿಸುವ ಎನ್‌ಡಿ 1000 ಎಂಬ ಕಪ್ಪು ಗಾಜನ್ನು ಲೆನ್ಸಿನ ಮುಂದೆ ಸಿಕ್ಕಿಸಿದರೆ ಅದೇ ಬಿಸಿಲಿನಲ್ಲಿ ಕಾಲು ಸೆಕೆಂಡ್ ಸಿಗುತ್ತದೆ, ಸುಮಾರು 52 ಮೀಟರ್ ಎತ್ತರದಿಂದ ಬೀಳುವ ನೀರಿಗೆ ಅದು ಧಾರಾಳ ಸಾಕು. ಗಾಜು ಕೊಳ್ಳುವ ಮನಸ್ಸಿಲ್ಲದಿದ್ದರೆ ಐಫೋನಿನ ಲೈವ್ ಫೋಟೋದಲ್ಲಿರುವ ಲಾಂಗ್ ಎಕ್ಸ್‌ಪೋಶರ್ ಸೌಲಭ್ಯವನ್ನೋ ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿದ್ದರೆ ಅಂಥದೇ ಮೋಡನ್ನೋ ಬಳಸಿರಿ: ಚಿಕ್ಕ ಚಿಕ್ಕ ಚಿತ್ರಗಳನ್ನು ಕೂಡಿಸಿ ಅದು ನೀರನ್ನು ನಯವಾಗಿಸುತ್ತದೆ, ಯಾವ ಚಿತ್ರವೂ ಸುಡುವುದಿಲ್ಲ. ತೂಗುಸೇತುವೆಯ ಮೇಲೆ ನಿಂತು ಮಾತ್ರ ಈ ಪ್ರಯತ್ನ ಬೇಡ, ಜನ ನಡೆದಾಡಿದಂತೆ ಅದು ಅಲುಗುತ್ತದೆ. ಬಂಡೆಯ ಕಡೆಯ ಗಟ್ಟಿ ನೆಲವೇ ಲೇಸು, ಮಳೆಗಾಲದಲ್ಲಿ ಅಂಚಿನಿಂದ ದೂರವಿದ್ದು.

ಪ್ರಶ್ನೆ: ನನ್ನ ಫೋನಿನ ಕ್ಯಾಮೆರಾದಲ್ಲಿ ಪ್ರೊ ಮೋಡ್ ಇಲ್ಲ. ಬೇರೆ ಆ್ಯಪ್ ಹಾಕಿಕೊಂಡರೆ ಎಲ್ಲ ಸೌಲಭ್ಯಗಳೂ ಸಿಗುತ್ತವೆಯೇ?
— ಜಮಖಂಡಿಯ ಓದುಗರು

ಉತ್ತರ: ಫೋನು ತಯಾರಿಸಿದವರು ಎಷ್ಟು ಬಾಗಿಲು ತೆರೆದಿಟ್ಟಿದ್ದಾರೋ ಅಷ್ಟು ಮಾತ್ರ ಸಿಗುತ್ತದೆ. 2014ರಲ್ಲಿ ಬಂದ ಆಂಡ್ರಾಯ್ಡ್ 5.0ದಿಂದ ಕ್ಯಾಮೆರಾ2 ಎಂಬ ವ್ಯವಸ್ಥೆಯ ಮೂಲಕ ಹೊರಗಿನ ಆ್ಯಪ್‌ಗಳಿಗೂ ಷಟರ್, ಐಎಸ್ಒ, ಫೋಕಸ್ ಮುಟ್ಟಲು ಅವಕಾಶವಿದೆ, ಆದರೆ ಅಗ್ಗದ ಫೋನುಗಳಲ್ಲಿ ಅದರ ಒಂದು ಭಾಗವಷ್ಟೇ ಜಾರಿಯಲ್ಲಿರುವುದು ಸಾಮಾನ್ಯ. ಓಪನ್ ಕ್ಯಾಮೆರಾ ಎಂಬ ಆ್ಯಪ್ ಉಚಿತ. ಅದನ್ನು ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ2 ಆರಿಸಲು ಬರುತ್ತದೆಯೇ ನೋಡಿರಿ. ಬಾರದಿದ್ದರೆ ಹಣ ಕೊಟ್ಟು ಇನ್ನೊಂದು ಆ್ಯಪ್ ಕೊಳ್ಳುವುದರಿಂದಲೂ ಪ್ರಯೋಜನವಿಲ್ಲ.

ಪ್ರಶ್ನೆ: ಖಾನಾಪುರ ತಾಲೂಕಿನ ಹಲಸಿಯ ಸುತ್ತಮುತ್ತ ಹಳೆಯ ಶಾಸನಗಳ ಚಿತ್ರ ತೆಗೆದು ತಿಳಿದವರಿಗೆ ಕಳಿಸುವ ಹವ್ಯಾಸ ನನ್ನದು. ಈಚೆಗೆ ದೂರದಿಂದ ಝೂಮ್ ಮಾಡಿ ಕಳಿಸಿದ ಚಿತ್ರವನ್ನು ನೋಡಿದವರೊಬ್ಬರು "ಈ ಅಕ್ಷರದ ಗೆರೆಗಳನ್ನು ನಂಬಲಾಗದು" ಎಂದರು. ಫೋನು ಅಕ್ಷರವನ್ನು ಬದಲಿಸುತ್ತದೆಯೇ?
— ಬೆಳಗಾವಿಯ ಓದುಗರು

ಉತ್ತರ: ಬದಲಿಸಬಲ್ಲದು, ಮತ್ತು ನಿಮಗೆ ಹಾಗೆ ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ. ಲೆನ್ಸಿನ ಶಕ್ತಿಯನ್ನು ಮೀರಿ ಝೂಮ್ ಮಾಡಿದಾಗ ಸೆನ್ಸರಿಗೆ ಸಿಗದ ವಿವರವನ್ನು ಫೋನು ಊಹಿಸಿ ತುಂಬುತ್ತದೆ, ಅಂಚುಗಳನ್ನು ತೀಡಿ ಚೂಪುಗೊಳಿಸುತ್ತದೆ. ಮುಖಕ್ಕೂ ಗಿಡಕ್ಕೂ ಅದರಿಂದ ಕೇಡಿಲ್ಲ. ಆದರೆ ಪಕಾರಕ್ಕೂ ಷಕಾರಕ್ಕೂ ಇರುವ ಅಂತರ ಒಳಗಿನ ಒಂದು ಗೆರೆ. ಕಲ್ಲಿನ ಬಿರುಕೊಂದನ್ನು ಫೋನು ತೀಡಿ ಗೆರೆಯಾಗಿಸಿದರೆ, ಅಥವಾ ಸವೆದ ಗೆರೆಯನ್ನು ಕಾಳೆಂದು ಒರೆಸಿಹಾಕಿದರೆ, ಓದು ಬದಲಾಗುತ್ತದೆ. ಆದ್ದರಿಂದ ಶಾಸನದ ಮುಂದೆ ಫೋನಿನ ಲೆಕ್ಕಾಚಾರವನ್ನು ಸಾಧ್ಯವಾದಷ್ಟು ದೂರವಿಡಬೇಕು. ಝೂಮ್ ಬಿಟ್ಟು ಮುಖ್ಯ ಲೆನ್ಸಿನಿಂದಲೇ ಹತ್ತಿರ ಹೋಗಿರಿ, ಕಲ್ಲು ಅಗಲವಿದ್ದರೆ ತುಣುಕು ತುಣುಕಾಗಿ, ಒಂದರ ಅಂಚು ಮತ್ತೊಂದರಲ್ಲಿ ಸೇರುವಂತೆ ತೆಗೆಯಿರಿ. ಸೌಲಭ್ಯವಿದ್ದರೆ ರಾ ರೂಪದಲ್ಲಿ, ಅಂದರೆ ಡಿಎನ್‌ಜಿ ಕಡತವಾಗಿ ಉಳಿಸಿರಿ. ಅದು 12 ಮೆಗಾಪಿಕ್ಸೆಲ್ ಚಿತ್ರಕ್ಕೆ 24 ಎಂಬಿಯವರೆಗೂ ಜಾಗ ಹಿಡಿಯಬಹುದು, ನೋಡಲು ಸಪ್ಪೆಯಾಗಿಯೂ ಇರುತ್ತದೆ, ಆದರೆ ಒರೆಸುವ, ತೀಡುವ ಕೆಲಸ ಅದರ ಮೇಲೆ ಬಹುಮಟ್ಟಿಗೆ ನಡೆದಿರುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಬೆಳಕಿನ ದಿಕ್ಕು. ಫೋನಿನದೇ ಫ್ಲ್ಯಾಶ್ ಕಲ್ಲಿಗೆ ಎದುರಾಗಿ ಬಿದ್ದು ಅಕ್ಷರದ ತಗ್ಗನ್ನೆಲ್ಲ ತುಂಬಿಬಿಡುತ್ತದೆ. ಸಂಜೆ ಹೊತ್ತು ಮುಳುಗಿದ ಮೇಲೆ ಇನ್ನೊಬ್ಬರ ಕೈಗೆ ಬ್ಯಾಟರಿ ಕೊಟ್ಟು, ಕಲ್ಲಿನ ಮೈಗೆ ತಾಗುವಷ್ಟು ಓರೆಯಾಗಿ ಎಡಗಡೆಯಿಂದ ಬೆಳಕು ಹಾಯಿಸಲು ಹೇಳಿರಿ. ಪ್ರೊ ಮೋಡಿನಲ್ಲಿ ಐಎಸ್ಒ 100, ಫೋಕಸ್ ಕೈಯಿಂದ ಕಟ್ಟಿ, ಫೋನನ್ನು ಅಲುಗದಂತೆ ಇಟ್ಟು ಒಂದು ಚಿತ್ರ ತೆಗೆಯಿರಿ. ಏನನ್ನೂ ಬದಲಿಸದೆ ಬೆಳಕನ್ನು ಬಲಗಡೆಯಿಂದ, ಆಮೇಲೆ ಮೇಲಿನಿಂದ ಹಾಯಿಸಿ ಮತ್ತೆರಡು ತೆಗೆಯಿರಿ. ಕೆತ್ತಿದ ಗೆರೆಯ ನೆರಳು ಬೆಳಕಿನ ಜೊತೆಗೆ ಮಗ್ಗುಲು ಬದಲಿಸುತ್ತದೆ; ಕಲ್ಲಿನ ಮೇಲಿನ ಕಲೆ ಮೂರು ಚಿತ್ರಗಳಲ್ಲಿಯೂ ಹಾಗೆಯೇ ಇರುತ್ತದೆ. ಅಕ್ಷರ ಕಾಣಲೆಂದು ಸುಣ್ಣ, ಎಣ್ಣೆ, ಅರಿಷಿಣ ಯಾವುದನ್ನೂ ಕಲ್ಲಿಗೆ ಹಚ್ಚಬೇಡಿರಿ. ಮೂರೂ ಚಿತ್ರಗಳನ್ನು ತಿದ್ದದೆ, ಯಾವುದಕ್ಕೆ ಬೆಳಕು ಯಾವ ಕಡೆಯಿಂದ ಬಂದಿತ್ತು ಎಂದು ಬರೆದು ಕಳಿಸಿರಿ.